ಸೊನ್ನೆಗೆ ಲೆಕ್ಕವಿಲ್ಲ: ಮೊಬೈಲ್ ಟವರಿನ ಸಂದರ್ಶನ

ಸುಳ್ಯ ತಾಲೂಕಿನ ಗುಡ್ಡವೊಂದರ ಮೇಲಿನ 4ಜಿ ಟವರ್, ಬಿಡುವಿಲ್ಲದಿದ್ದರೂ ಮಾತಿಗೆ ಸಿಕ್ಕಿತು.

ಪುತ್ತೂರು ಪೇಟೆಯಲ್ಲಿ ಫೋನಿನಲ್ಲೇ ಸಿನಿಮಾ ಓಡುತ್ತದೆ, ಇಲ್ಲಿ 'ಹಲೋ' ಕೂಡ ದಾಟುವುದಿಲ್ಲ. ಇದು ಪಕ್ಷಪಾತವಲ್ಲವೆ?

ಎಂತ ಮಾತು ಮಾರಾಯ್ರೆ! 5 ಮೆಗಾಹರ್ಟ್ಸ್ ತರಂಗಗುಚ್ಛ ಸಿಕ್ಕಿದರೆ ಅದರಲ್ಲಿ ಇರುವುದೇ 25 ತುಂಡು, ಒಂದೊಂದು 180 ಕಿಲೋಹರ್ಟ್ಸ್ ಅಗಲ. ಒಂದು ಮಿಲಿಸೆಕೆಂಡಿಗೆ ಒಂದು ತುಂಡು ಒಬ್ಬರಿಗೆ, ಹರಿದು ಹಂಚುವ ಹಾಗಿಲ್ಲ. ಕಣ್ಣೆದುರಿನ ಫೋನಿಗೆ ಒಂದು ಸಂಕೇತದಲ್ಲಿ 6 ಬಿಟ್ ತುರುಕಬಹುದು, ಅಡಿಕೆ ತೋಟದಾಳದ ಫೋನಿಗೆ 2 ದಾಟಿದರೆ ಪುಣ್ಯ. ಒಟ್ಟು ವೇಗವೊಂದನ್ನೇ ನೋಡಿದರೆ ಎಲ್ಲ ತುಂಡೂ ಹತ್ತಿರದವರಿಗೇ. ನಮ್ಮ ಕುಲದವರು ಹೆಚ್ಚಾಗಿ ಹಾಗೆ ಮಾಡುವುದಿಲ್ಲ. ಈಗ ಸಿಗಬಹುದಾದ ವೇಗವನ್ನು ಇದುವರೆಗೆ ಸಿಕ್ಕ ಸರಾಸರಿಯಿಂದ ಭಾಗಿಸುತ್ತೇವೆ. ಹಸಿದು ಕುಳಿತವನ ಭಾಗಲಬ್ಧ ಏರುತ್ತದೆ, ಸರದಿ ಬರುತ್ತದೆ. 1990ರ ದಶಕದಲ್ಲಿ ಕೇಂಬ್ರಿಡ್ಜಿನ ಫ್ರಾಂಕ್ ಕೆಲ್ಲಿ ವಿವರಿಸಿದ ಅನುಪಾತದ ನ್ಯಾಯ ಇದು. ಚಂಪಾಷಷ್ಠಿ ಜಾತ್ರೆಯ ಜನಸಾಗರದಲ್ಲಿ ಸುಬ್ರಹ್ಮಣ್ಯದ ಟವರಿಗೂ ಇದೇ ದಾರಿ.

ಆ ನ್ಯಾಯ ಎಲ್ಲರ ವೇಗದ ಲಾಗರಿದಮ್ ಕೂಡಿ, ಆ ಮೊತ್ತವನ್ನು ಆದಷ್ಟು ಹೆಚ್ಚಿಸುತ್ತದೆ. ಒಬ್ಬನಿಗೆ ಸೊನ್ನೆ ಬಂದರೂ ಮೊತ್ತ ಪಾತಾಳಕ್ಕೆ. ಹಾಗಿದ್ದರೆ 2021ರ ಜೂನ್ ಮಳೆಯಲ್ಲಿ, ಗುತ್ತಿಗಾರಿನ ಬಳ್ಳಕದಲ್ಲಿ, ಮಗಳ ಆನ್‌ಲೈನ್ ಪಾಠಕ್ಕಾಗಿ ಅಪ್ಪ ರಸ್ತೆಬದಿ ಕೊಡೆ ಹಿಡಿದು ನಿಂತದ್ದೇಕೆ?

ಗುಡ್ಡದಾಚೆಯ ಫೋನು ನನ್ನಲ್ಲಿ ಹೆಸರೇ ಬರೆಸುವುದಿಲ್ಲ. ಹೆಸರಿಲ್ಲದವನ ಖಾತೆಗೆ ಸೊನ್ನೆಯನ್ನೂ ಹಾಕಲಾಗದು, ಹಾಗಾಗಿ ನನ್ನ ನ್ಯಾಯಕ್ಕೆ ಭಂಗವಿಲ್ಲ! ನಿಜವಾಗಿ ತುಂಡರಿಸಲಾಗದ ವಸ್ತು ನಾನೇ. ಅರ್ಧ ಟವರ್ ಕಡಬಕ್ಕೆ, ಅರ್ಧ ಕೊಲ್ಲಮೊಗ್ರಕ್ಕೆ ನೆಡಲಾದೀತೆ? ಅದನ್ನು ಎಲ್ಲಿ ನೆಡಬೇಕೆಂದು ತೀರ್ಮಾನಿಸುವವರು ಮಿಲಿಸೆಕೆಂಡಿಗೊಮ್ಮೆ ಸಭೆ ಸೇರುವುದಿಲ್ಲ, ಯಾರು ಎಷ್ಟು ಕಾಲದಿಂದ ಹಸಿದಿದ್ದಾರೆಂದು ಭಾಗಿಸುವುದೂ ಇಲ್ಲ.

ಬೆರಳೆಣಿಕೆಯ ಮನೆಗಳಿಗೆ ಒಂದು ಟವರ್ ಹಾಕಿದರೆ ಕಂಪನಿಗೆ ನಷ್ಟವಲ್ಲವೆ?

ನಷ್ಟವೇ, ಅಲ್ಲವೆಂದವರುಂಟೆ? ಅದನ್ನು ತುಂಬಲೆಂದೇ 2002ರಿಂದ ಸಾರ್ವತ್ರಿಕ ಸೇವಾ ನಿಧಿ ಉಂಟು, ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಗಳ ಹೊಂದಾಣಿಕೆ ಮಾಡಿದ ಒಟ್ಟು ಆದಾಯದಲ್ಲಿ ಶೇ. 5 ಅದರ ಪಾಲು. ಆ ಆದಾಯ ಹೆಚ್ಚಾಗಿ ಬರುವುದು ರೀಚಾರ್ಜಿನಿಂದ. ಗುಡ್ಡದಾಚೆಯವರು ಪೇಟೆಗೆ ಬಂದು ಮಾಡಿಸಿದ ರೀಚಾರ್ಜೂ ಅದರಲ್ಲಿದೆ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿ ಒಪ್ಪಿತು. ಒಳ್ಳೆಯದೇ. ಆದರೆ ಎಣಿಸಿದ್ದು ಹಳ್ಳಿಗಳನ್ನು. ಈ ಕಡೆ ಹಳ್ಳಿಯೆಂದರೆ ತೋಟಕ್ಕೊಂದು ಮನೆ, ನಡುವೆ ಗುಡ್ಡ, ಹೊಳೆ, ರಕ್ಷಿತಾರಣ್ಯ. ಪಂಚಾಯತ್ ಕಚೇರಿಯ ಎದುರು ಎರಡು ಕಡ್ಡಿ ಕಂಡರೆ ಇಡೀ ಗ್ರಾಮಕ್ಕೆ ನೆಟ್‌ವರ್ಕ್ ಬಂತೆಂದು ಬರೆದುಬಿಡಬಹುದು. ಎಣಿಸುವುದಾದರೆ ಮನೆ ಎಣಿಸಲಿ. ಮುಂದಿನ ಟವರಿನ ಜಾಗಕ್ಕೂ ನನ್ನ ಭಾಗಾಕಾರವನ್ನೇ ಹಚ್ಚಲಿ. ಇದುವರೆಗೆ ಸಿಕ್ಕ ಸರಾಸರಿ ಸೊನ್ನೆಯಾಗಿದ್ದರೆ, ಅದರಿಂದ ಭಾಗಿಸಿದಾಗ ಉತ್ತರ ಎಷ್ಟೆಂದು ಹೈಸ್ಕೂಲಿನ ಮಕ್ಕಳನ್ನು ಕೇಳಿ.