ಎಪ್ಸಿಲಾನ್ ಹಾಲು

ನಾನು ಬಿ.ಎಸ್ಸಿ. ಗಣಿತ ಓದಿದವನು. ಇದನ್ನು ನಾನೇ ಬಾಯಿಬಿಟ್ಟು ಹೇಳಬೇಕು. ನನ್ನ ಯಾವ ನಡವಳಿಕೆಯಿಂದಲೂ ಅದು ಗೊತ್ತಾಗುವುದಿಲ್ಲ. ನಂಗಲಿಯಲ್ಲಿ ನನಗೊಂದು ಪ್ರಾವಿಜನ್ ಸ್ಟೋರ್ ಇದೆ. ಅರ್ಧ ಕೆ.ಜಿ. ಬೆಲ್ಲ, ಕಾಲು ಕೆ.ಜಿ. ತೊಗರಿಬೇಳೆ, ಎರಡು ಸೋಪಿನ ಲೆಕ್ಕವನ್ನು ನಾನು ಕ್ಯಾಲ್ಕುಲೇಟರಿನಲ್ಲಿ ಎರಡೆರಡು ಸಲ ಒತ್ತಿ ನೋಡುವಷ್ಟರಲ್ಲಿ, ಗಿರಾಕಿ ಬಾಯಲ್ಲೇ ಮೊತ್ತ ಹೇಳಿ ಚಿಲ್ಲರೆಗೆ ಕೈ ಚಾಚಿರುತ್ತಾನೆ.

ಡಿಗ್ರಿಯಲ್ಲಿ ನಾನು ಮುಗ್ಗರಿಸಿದ್ದು ‘ಲಿಮಿಟ್’ ಪಾಠದಲ್ಲಿ. ಎಪ್ಸಿಲಾನ್ ಅಂತ ಒಂದು ಸಂಖ್ಯೆ. ಎಷ್ಟು ಬೇಕಾದರೂ ಚಿಕ್ಕದಿರಬಹುದು, ಆದರೆ ಸೊನ್ನೆಯಾಗುವಂತಿಲ್ಲ. "ಹಾಗಂದ್ರೆ ಏನು ಸಾರ್?" ಎಂದು ಕೇಳಿದರೆ, ಮೇಷ್ಟ್ರು ಅದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದರು. ನಂಗಲಿಯ ಹುಡುಗನಿಗೆ ಲಿಮಿಟ್ ತಿಳಿಯದಿರುವುದು ನಾಚಿಕೆಗೇಡು. ನಮ್ಮೂರೇ ಒಂದು ಲಿಮಿಟ್. ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಎಲ್ಲೆಯೆಂದು ಹೊಯ್ಸಳ ಶಾಸನಗಳು ಹೇಳುವುದು ನಂಗಲಿಯ ಘಟ್ಟವನ್ನೇ. ಈಗಲೂ ಊರು ದಾಟಿದರೆ ಆಂಧ್ರ. ಒಂಬೈನೂರು ವರ್ಷದಿಂದ ಎಲ್ಲೆಯ ಮೇಲೇ ಕೂತಿರುವ ಊರಿನವನಾದ ನಾನು, ಮೂವತ್ತೈದು ಅಂಕದ ಎಲ್ಲೆ ಮುಟ್ಟಲು ಎರಡು ಸಲ ಪರೀಕ್ಷೆ ಕಟ್ಟಿದೆ.

ಮಗಳೂ ಗಣಿತವನ್ನೇ ಆರಿಸಿಕೊಂಡಾಗ, "ರಕ್ತದಲ್ಲೇ ಬಂದಿದೆ" ಎಂದು ಮೀಸೆ ತಿರುವಿದೆ.

"ಹೌದು, ನಮ್ಮ ಕಡೆಯಿಂದ" ಎಂದಳು ಹೆಂಡತಿ.

ಅದಕ್ಕೆ ನಾನು ಎದುರಾಡುವಂತಿಲ್ಲ. ಅವಳ ಅಣ್ಣ ಟೊಮೆಟೊ ಬೆಳೆಯುತ್ತಾನೆ. ವಡ್ಡಹಳ್ಳಿ ಮಾರ್ಕೆಟ್ಟಿನಿಂದ ಫೋನು ಬಂದರೆ ಇವಳು ಮುದ್ದೆ ತಿರುವುತ್ತಲೇ ಲೆಕ್ಕ ಒಪ್ಪಿಸುತ್ತಾಳೆ: ಹದಿನೈದು ಕೆ.ಜಿ. ಬಾಕ್ಸಿಗೆ ಇಷ್ಟು, ಬಾಕ್ಸು ಇಷ್ಟು, ಕಮಿಷನ್ ಹೋಯಿತು, ಬಾಡಿಗೆ ಹೋಯಿತು, ಕೂಲಿ ಹೋಯಿತು, ಅಣ್ಣಾ ನಿನಗೆ ಉಳಿದದ್ದು ಇಷ್ಟು. ಅಷ್ಟರಲ್ಲಿ ಮುದ್ದೆಯೂ ಗುಂಡಗಾಗಿರುತ್ತದೆ.

ಮಗಳ ಡಿಗ್ರಿ ನನ್ನದರ ಹಾಗಲ್ಲ. ಕೊನೆಯ ಒಂದು ವರ್ಷ ಕಾಲೇಜಿನ ಬದಲು ಕಂಪನಿ. ಅಪ್ರೆಂಟಿಸ್‌ಷಿಪ್ಪನ್ನು ಪದವಿಯೊಳಗೇ ಸೇರಿಸಬಹುದೆಂದು ಯುಜಿಸಿ 2020ರಲ್ಲಿ ಮಾರ್ಗಸೂಚಿ ತಂದಿತ್ತು. ಕಂಪನಿಯಲ್ಲಿ ಮಾಡಿದ ಕೆಲಸಕ್ಕೂ ಕ್ರೆಡಿಟ್ ಸಿಗುತ್ತದೆ. ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ಸ್ಯಾಂಡ್‌ವಿಚ್ ಪದವಿ ಎನ್ನುತ್ತಾರೆ: ಎರಡು ವರ್ಷ ಓದು, ನಡುವೆ ಒಂದು ವರ್ಷ ಕಂಪನಿ, ಆಮೇಲೆ ಮತ್ತೆ ಓದು. ನಮ್ಮ ಮಗಳದ್ದು ಮುಳಬಾಗಿಲು ದೋಸೆಯ ಪದ್ಧತಿ. ಮೊದಲು ಹೆಂಚಿನ ಮೇಲೆ ಕೂತು ಚೆನ್ನಾಗಿ ಬೇಯಬೇಕು, ಪಲ್ಯ ಬೀಳುವುದು ಕೊನೆಗೆ.

ಸ್ಟೈಪೆಂಡ್ ತಿಂಗಳಿಗೆ ಒಂಬತ್ತು ಸಾವಿರ. ನಿಮ್ಮ ಅಂಗಡಿಯ ಲಾಭ ಯಾವ ತಿಂಗಳು ಅಷ್ಟು ಮುಟ್ಟಿದೆ ಎಂದು ಹೆಂಡತಿ ಕೇಳಲಿಲ್ಲ. ಒಮ್ಮೆ ನನ್ನ ಕಡೆ ನೋಡಿದಳು, ಅಷ್ಟೆ.

ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ನಮ್ಮಮ್ಮನಿಗೆ ಮಾತ್ರ ಅನುಮಾನ. "ಲೆಕ್ಕಲು ಚದಿವಿ ಫ್ಯಾಕ್ಟರೀಲೋ ಏಮಿ ಚೇಸ್ತಾವೇ?" ಎಂದು ಮೊಮ್ಮಗಳನ್ನು ತೆಲುಗಿನಲ್ಲಿ ವಿಚಾರಿಸಿಕೊಂಡಳು; ಲೆಕ್ಕ ಓದಿ ಫ್ಯಾಕ್ಟರಿಯಲ್ಲಿ ಏನು ಮಾಡ್ತೀಯೆ ಅಂತ. ನಾನೇ ಮುಂದೆ ಬಿದ್ದು, "ಅಲ್ಲೂ ಲಿಮಿಟ್ ಇರುತ್ತಮ್ಮ" ಎಂದುಬಿಟ್ಟೆ. ಏನೂ ತಿಳಿಯದೆ ಆಡಿದ ಮಾತು. ಅದೇ ನನಗೆ ಸುತ್ತಿಕೊಂಡಿತು.

ನರಸಾಪುರದ ಕಂಪನಿಯೊಂದರಲ್ಲಿ ಮಗಳಿಗೆ ಕ್ವಾಲಿಟಿ ವಿಭಾಗ. ಗಂಟೆಗೊಮ್ಮೆ ಐದು ಪೀಸು ತೆಗೆದು ಮೈಕ್ರೋಮೀಟರಿನಲ್ಲಿ ಅಳೆದು, ಸರಾಸರಿಗೆ ಚಾರ್ಟಿನಲ್ಲಿ ಚುಕ್ಕಿ ಇಡುವುದು. ನಡುವೆ ಒಂದು ಗೆರೆ. ಅದರ ಮೇಲೆ ಕೆಳಗೆ ಮೂರು ಸಿಗ್ಮಾ ದೂರದಲ್ಲಿ ಇನ್ನೆರಡು ಗೆರೆ. ಅವೇ ಲಿಮಿಟ್ಟು! ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಹುಟ್ಟುಹಾಕಿದ ಚಾರ್ಟಂತೆ. "ಯಾವ ಎರಡು ಪೀಸೂ ಒಂದೇ ಥರ ಇರಲ್ಲಪ್ಪ. ಗೆರೆಗಳ ಒಳಗೆ ಓಲಾಡಿದರೆ ಅದು ಮಷೀನಿನ ಗುಣ, ಸುಮ್ಮನಿರಬೇಕು. ಗೆರೆ ದಾಟಿದರೆ ಏನೋ ಆಗಿದೆ ಅಂತ, ಹುಡುಕಬೇಕು" ಎಂದಳು. ಆಹಾ, ಎಂಥ ವಿದ್ಯೆ ಎಂದು ತಲೆದೂಗಿದೆ.

ಒಂದು ಭಾನುವಾರ ಅದೇ ಚಾರ್ಟು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು. ತಲೆಬರಹ: ‘ಅಪ್ಪ — ಸಂಜೆಯ ಹಾಲು’.

ಡೈರಿ ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ. ಸಂಜೆ ಆರಕ್ಕೆ ಸ್ಟೀಲ್ ಕ್ಯಾನು ಹಿಡಿದು ಹೊರಡುವುದು ಈ ಮನೆಯಲ್ಲಿ ನನಗೆ ಒಪ್ಪಿಸಿರುವ ಏಕೈಕ ಜವಾಬ್ದಾರಿ. ಹೆಂಡತಿ ಹಾಲಿನ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ‘1 ಲೀ’ ಎಂಬುದರ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತಿತ್ತು. ಅದನ್ನು ನಾನು ಎಂಟು ತಿಂಗಳು ಪೈಸೆ ಎಂದೇ ತಿಳಿದಿದ್ದೆ. ಪೈಸೆಯಲ್ಲ, ನಿಮಿಷ.

ಸರಾಸರಿ 34. ಮೇಲ್ಮಿತಿ 61. ಕೆಳಮಿತಿ 7. ಎರಡು ಚುಕ್ಕಿಗಳು ಮೇಲಿನ ಗೆರೆ ದಾಟಿ ಆಕಾಶ ನೋಡುತ್ತಿದ್ದವು: 74 ಮತ್ತು 82. ಒಂದು ದಿನ ಮಳೆ. ಇನ್ನೊಂದು ದಿನ ಟೀ ಅಂಗಡಿಯಲ್ಲಿ, 2023ರ ಜುಲೈನಲ್ಲಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದು ಯಾಕೆಂದು ನಾನು ಸವಿಸ್ತಾರವಾಗಿ ವಿವರಿಸುತ್ತಿದ್ದೆ.

"ಆ ಎರಡಕ್ಕೆ ಮಾತ್ರ ಕಾರಣ ಕೇಳಬಹುದಮ್ಮ. ಮೂವತ್ತನಾಲ್ಕು ನಿಮಿಷಕ್ಕೆ ಅಪ್ಪನನ್ನು ಬೈಯೋ ಹಾಗಿಲ್ಲ. ಅದು ಮಷೀನಿನ ಗುಣ" ಎಂದಳು ಮಗಳು.

"ಮತ್ತೆ ಸರಿ ಮಾಡೋದು ಹೆಂಗೆ?"

"ಮಷೀನೇ ಬದಲಾಯಿಸಬೇಕು. ಇಲ್ಲಾ ತಯಾರಿಸಿದವರನ್ನ ಕೇಳಬೇಕು."

ತಯಾರಿಸಿದವಳು ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲವೆಂಬಂತೆ ಕೂತಿದ್ದಳು.

ಮಾನ ಉಳಿಸಿಕೊಳ್ಳಲು ನಾನು ಮತ್ತೆ ಹೊಯ್ಸಳರ ಕಾಲಕ್ಕೆ ಓಡಿದೆ. "ನೋಡಿ, 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತದ ಪುಸ್ತಕ ಬರೆದ. ಅದರ ಹೆಸರೇನು? ವ್ಯವಹಾರಗಣಿತ! ವ್ಯವಹಾರ ಬೇರೆ, ಗಣಿತ ಬೇರೆ ಅಂತ ನಾವು ಯಾವತ್ತೂ ಅಂದುಕೊಂಡವರೇ ಅಲ್ಲ."

"ಅದರಲ್ಲಿ ನಿಮಗೆ ಬಂದದ್ದು ಯಾವುದು?" ಎಂದಳು ಹೆಂಡತಿ.

ಮಾರನೆಯ ಸಂಜೆ ನಾನು ತೀರ್ಮಾನಿಸಿಬಿಟ್ಟೆ. ಯಾರ ಮುಖವನ್ನೂ ನೋಡಲಿಲ್ಲ. ಟೀ ಅಂಗಡಿಯಿಂದ ಬಂದ "ಅಣ್ಣಾ!" ಎಂಬ ಕೂಗಿಗೆ ಕಿವುಡಾದೆ. ಹಾಲು ಹಾಕಿಸಿಕೊಂಡವನೇ ಪಂಚೆ ಎತ್ತಿ ಕಟ್ಟಿ ಓಡಿದೆ. ಒಂಬತ್ತು ನಿಮಿಷ! ಹೆಂಡತಿ ಗಡಿಯಾರ ನೋಡಿದಳು, ನನ್ನ ನೋಡಿದಳು, ಕ್ಯಾಲೆಂಡರಿನಲ್ಲಿ ಇರುವೆಯಕ್ಷರದ 9 ಬರೆದಳು.

"ಲಿಮಿಟ್ ಒಳಗೇ ಇದೆ" ಎಂದೆ, ಏದುಸಿರು ಬಿಡುತ್ತ.

"ಒಳಗೇನೋ ಇದೆ. ಆದರೂ ಏನೋ ಆಗಿದೆ" ಎಂದಳು ಮಗಳು, ಕ್ಯಾನಿನ ಕಡೆಗೇ ನೋಡುತ್ತ.

ಆಗ ನೆನಪಾಯಿತು, ಮುಚ್ಚಳ ಡೈರಿಯಲ್ಲೇ ಉಳಿದಿತ್ತು. ಮೂವರೂ ಬಗ್ಗಿ ನೋಡಿದೆವು. ತಳದಲ್ಲಿ ಒಂದಿಷ್ಟು ಹಾಲು ಇತ್ತು. ತುಂಬ, ತುಂಬ ಚಿಕ್ಕದು, ಆದರೆ ಸೊನ್ನೆಯಲ್ಲ.

ಎಪ್ಸಿಲಾನ್ ಅಂದರೆ ಏನೆಂದು ಆವತ್ತು ನನಗೆ ಅರ್ಥವಾಯಿತು.