ಮಂಡಕಳ್ಳಿ ದಾಟಿ ದೇವನಹಳ್ಳಿಗೆ

ನಂಜನಗೂಡಿನವರು ಬೆಂಗಳೂರಿನಲ್ಲಿ ವಿಮಾನ ಹತ್ತಬೇಕಾದರೆ ಮೊದಲು ಮೈಸೂರಿನ ವಿಮಾನ ನಿಲ್ದಾಣವನ್ನು ದಾಟಬೇಕು. ಅದು ಮಂಡಕಳ್ಳಿಯಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ ಇದೆ. ಕೆಂಪು ಬಸ್ಸಿನ ಕಿಟಕಿಯಿಂದ ಅದರ ಮೇಲೊಮ್ಮೆ ಕಣ್ಣಾಡಿಸಿ, ಮೈಸೂರಿಗೆ ಬಂದು, ಫ್ಲೈಬಸ್ ಏರಿ, ಹೆಚ್ಚುಕಡಿಮೆ 190 ಕಿ.ಮೀ. ಆಚೆಯ ದೇವನಹಳ್ಳಿಯ ನಿಲ್ದಾಣಕ್ಕೆ ಹೊರಡುತ್ತಾರೆ. ಮನೆಮುಂದಿನ ಬಾವಿ ಬಿಟ್ಟು ಆಚೆಯೂರಿನ ಕೆರೆಗೆ ಕೊಡ ಹೊತ್ತ ಹಾಗೆ ಕಂಡೀತು. ಆದರೆ ಇದು ದಡ್ಡತನವಲ್ಲ, ಪಕ್ಕಾ ಲೆಕ್ಕ.

ಎರಡು ನಿಲ್ದಾಣಗಳ ನಡುವೆ ಹಕ್ಕಿ ಹಾರುವ ದೂರ ಸುಮಾರು 155 ಕಿ.ಮೀ. ಮಂಡಕಳ್ಳಿಗೆ ಬರುವ ಸಣ್ಣ ವಿಮಾನವಾದ ಎಟಿಆರ್‌ಗೆ ಅದು ಅರ್ಧ ಗಂಟೆಯ ದಾರಿಯೂ ಅಲ್ಲ. ಏರುವುದು, ಇಳಿಯುವುದು ಎಲ್ಲ ಸೇರಿದರೂ ಒಂದು ತಾಸು. ಮೋಸವಿರುವುದು ಈ ತಾಸು ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ. ತಿ. ನರಸೀಪುರದವರನ್ನೇ ತೆಗೆದುಕೊಳ್ಳಿ. ಬೆಂಗಳೂರು ಇರುವುದು ಈಶಾನ್ಯಕ್ಕೆ; ಅವರು ಮಾತ್ರ ಪಶ್ಚಿಮಕ್ಕೆ ಮುಖ ಮಾಡಿ ಮಂಡಕಳ್ಳಿಗೆ ಬಂದು, ಸೊಂಟದ ಬೆಲ್ಟು ಬಿಚ್ಚಿ ಟ್ರೇಗೆ ಹಾಕಿ, ಕೈ ಅಗಲಿಸಿ ನಿಲ್ಲಬೇಕು. ಅದೇ ಹೊತ್ತಿಗೆ ಮನೆಬಿಟ್ಟು ಮಳವಳ್ಳಿ ರಸ್ತೆ ಹಿಡಿದ ನೆರೆಯವರು ಹಲಗೂರಿನಲ್ಲಿ ಕಾಫಿ ಮುಗಿಸಿರುತ್ತಾರೆ. ಲಗೇಜಿನ ತಾಪತ್ರಯ ಬೇರೆ. ಕಾಶಿಗಿಂತ ಗುಲಗಂಜಿಯಷ್ಟು ಹೆಚ್ಚು ಎಂಬ ಪ್ರತೀತಿಯಿರುವ ಈ ನರಸೀಪುರ ಕ್ಷೇತ್ರದವರಿಗೆ ತೂಕದ ಮಹಿಮೆ ಹೇಳಿಕೊಡಬೇಕಿಲ್ಲ, ಆದರೆ ವಿಮಾನದವರ ತಕ್ಕಡಿ ಹೆಚ್ಚಾದ ಗುಲಗಂಜಿಗೂ ದುಡ್ಡು ಕೇಳುತ್ತದೆ.

ಎಕ್ಸ್‌ಪ್ರೆಸ್‌ವೇ ನಂಬಿದವರೂ ಬೀಗುವ ಹಾಗಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ 118 ಕಿ.ಮೀ. ಮೈಸೂರು-ಬೆಂಗಳೂರು ರಸ್ತೆ ಉಳಿಸಿಕೊಟ್ಟ ಸಮಯವನ್ನೆಲ್ಲ ಕೆಂಗೇರಿಯಿಂದ ಹೆಬ್ಬಾಳದವರೆಗಿನ ಟ್ರಾಫಿಕ್ಕು ಬಡ್ಡಿ ಸಮೇತ ವಸೂಲು ಮಾಡುತ್ತದೆ. ವಿಮಾನದ ಪರವಾಗಿ ಇರುವ ಗಟ್ಟಿ ವಾದ ಇದೊಂದೇ. ಮಂಡಕಳ್ಳಿಯಲ್ಲಿ ಕೊಟ್ಟ ಪೆಟ್ಟಿಗೆ ನೇರ ದೆಹಲಿಯಲ್ಲಿ ಸಿಗುವುದಾದರೆ ಅದೂ ಸುಖವೇ, ಒಪ್ಪೋಣ. ಆದರೆ ಬಸ್ಸು ತಪ್ಪಿದರೆ ಮುಂದಿನ ಬಸ್ಸು; ದಿನಕ್ಕೊಂದೇ ವಿಮಾನವಿರುವ ದಾರಿಯಲ್ಲಿ ಅದು ತಪ್ಪಿದರೆ ನಾಳೆ. ಎರಡು ಊರುಗಳ ದೂರ ಅಳೆಯುವಾಗ ಈ ನಾಳೆಯನ್ನೂ ಕೂಡಿಸಬೇಡವೇ? ಚರಿತ್ರೆಯೂ ಧೈರ್ಯ ಕೊಡುವಂಥದ್ದಲ್ಲ. ನವೀಕರಣವಾದ ಮಂಡಕಳ್ಳಿಗೆ 2010ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನ ಬಂದಿಳಿದದ್ದು ಬೆಂಗಳೂರಿನಿಂದಲೇ. ಆಮೇಲೆ ಈ ದಾರಿಗೆ ಒಂದಾದ ಮೇಲೊಂದು ಕಂಪನಿ ಬಂತು, ಒಂದಾದ ಮೇಲೊಂದು ಹೋಯಿತು.

ರನ್‌ವೇ ಉದ್ದ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಈಗಿರುವುದು 1,740 ಮೀಟರ್. ಬೆಳೆಸೋಣವೆಂದರೆ ನಂಜನಗೂಡಿನ ಹೆದ್ದಾರಿಯೂ ರೈಲುಹಳಿಯೂ ಅಡ್ಡ. ವಿಮಾನಕ್ಕೆ ದಾರಿ ಬಿಡಲು ಬಸ್ಸು ರೈಲುಗಳಿಗೇ ಪಕ್ಕಕ್ಕೆ ಸರಿಯಿರಿ ಎನ್ನಬೇಕು! ಆಗಲಿ, ಬೆಳೆಯಲಿ. ಅದರಿಂದ ದೆಹಲಿ, ಮುಂಬೈ ಹತ್ತಿರವಾದಾವು, ಬೆಂಗಳೂರು ಅಲ್ಲ. ದಾರಿ ದೂರವಾದಷ್ಟೂ ಕಾಯುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರದ ಊರಿಗೆ ಹೋಗುವಾಗ ಕಾಯುವುದೇ ಪ್ರಯಾಣ. ಆದ್ದರಿಂದ ಚೆನ್ನೈಗೋ ಹೈದರಾಬಾದಿಗೋ ಹೊರಟವರು ಧಾರಾಳವಾಗಿ ಮಂಡಕಳ್ಳಿಯಲ್ಲಿ ಇಳಿಯಿರಿ. ದೇವನಹಳ್ಳಿಗೆ ಹೊರಟವರು ಸೀಟು ಬಿಟ್ಟು ಏಳಬೇಡಿ.