ಅಡುಗೆಮನೆ ಮತ್ತು ಇತರೆ

ಒಂದೇ ಚಾರ್ಟಿನಲ್ಲಿ ಎರಡು ವರ್ಗ ತೋರಿಸುವುದು ಪವರ್ ಬಿಐ ತಂತ್ರಾಂಶ ಬಲ್ಲವರಿಗೆ ನೀರು ಕುಡಿದಷ್ಟು ಸುಲಭ. ತಿಂಗಳನ್ನು ಅಡ್ಡ ಅಕ್ಷಕ್ಕೆ ಎಳೆದು ಹಾಕಿ, ಮೊತ್ತವನ್ನು ನಿಂತ ಅಕ್ಷಕ್ಕೆ, ವರ್ಗವನ್ನು ಲೆಜೆಂಡಿಗೆ. ಭತ್ತಕ್ಕೊಂದು ಬಣ್ಣ, ಗೋವಿನಜೋಳಕ್ಕೊಂದು ಬಣ್ಣ. ಅಕ್ಕಪಕ್ಕ ಎದ್ದು ನಿಲ್ಲುತ್ತವೆ. ಹಳಿಯಾಳದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ಮಾಲೀಕರು ಇದನ್ನು ಕಲಿ ಅಂದದ್ದೇ ತಡ, ಮನೆಯಲ್ಲಿ ನಾನು ಡೇಟಾ ಅನಾಲಿಸ್ಟ್ ಆದೆ. ಅಂಗಡಿಯಲ್ಲಿ ಈಗಲೂ ಕಾರಕೂನನೇ.

ಅಭ್ಯಾಸಕ್ಕೆ ಮನೆಖರ್ಚನ್ನೇ ತೆಗೆದುಕೊಂಡೆ. ವರ್ಗ ಎರಡು: ‘ಅಡುಗೆಮನೆ’ ಮತ್ತು ‘ಇತರೆ’. ಅಡುಗೆಮನೆ ಎಂದರೆ ಹೆಂಡತಿ. ಇತರೆ ಎಂದರೆ ಯಾರೆಂದು ಬಿಡಿಸಿ ಹೇಳುವ ಅಗತ್ಯ ಕಾಣಲಿಲ್ಲ. ಹಬ್ಬದ ತಿಂಗಳಲ್ಲಿ ಎಣ್ಣೆ-ಬೆಲ್ಲ ಹೇಗೆ ಏರುತ್ತದೆಂದು ಟೀವಿಯ ಮೇಲೆ ತೋರಿಸಿ, ಮಿತವ್ಯಯದ ಬಗ್ಗೆ ನಾಲ್ಕು ಮಾತಾಡುವ ಆಸೆ ನನ್ನದು. ಚಾರ್ಟು ಮೂಡಿತು. ಅಡುಗೆಮನೆಯ ನೀಲಿ ಕಂಬ ‘ಇತರೆ’ಯ ಸೊಂಟದ ತನಕವೂ ಬಂದಿರಲಿಲ್ಲ.

ಎರಡನ್ನು ಒಂದೇ ಚಾರ್ಟಿನಲ್ಲಿ ತೋರಿಸುವುದು ಹೊಸದೇನಲ್ಲ. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ಆಮದು-ರಫ್ತುಗಳನ್ನು ಒಂದೇ ಚಿತ್ರದಲ್ಲಿ ಎರಡು ಗೆರೆಗಳಾಗಿ ಎಳೆದ. ನಡುವಿನ ಜಾಗಕ್ಕೆ ಬಣ್ಣ ತುಂಬಿ, ಬಾಕಿ ಇಂಗ್ಲೆಂಡಿನ ಪರವೋ ವಿರುದ್ಧವೋ ಎಂದೂ ಬರೆದ. ಎರಡಕ್ಕೂ ಒಂದೇ ಅಳತೆ. ಪಾಪ, ಮನೆಯವರಿಗೆ ತೋರಿಸುವ ಚಾರ್ಟು ಅದಾಗಿರಲಿಲ್ಲ.

ನನಗೆ ಎರಡನೇ ಅಕ್ಷದ ಆಸರೆ ಇತ್ತು. ಮಳೆ ಮಿಲಿಮೀಟರಿನಲ್ಲಿ, ಭತ್ತ ಕ್ವಿಂಟಲಿನಲ್ಲಿ ಇದ್ದಾಗ ಅದು ಬೇಕೇ ಬೇಕು. ರೂಪಾಯಿಯ ಎದುರು ರೂಪಾಯಿ ಇದ್ದಾಗ ಬೇಕಾಗುವುದು ನನ್ನಂಥವರಿಗೆ. ಕಾಂಬೊ ಚಾರ್ಟಿನಲ್ಲಿ ಅಡುಗೆಮನೆಯನ್ನು ಕಂಬವಾಗಿಸಿ ಎಡಗಡೆ ಗರಿಷ್ಠ 8,000 ಎಂದೆ. ಇತರೆಯನ್ನು ಗೆರೆಯಾಗಿಸಿ ಬಲಗಡೆ 1,00,000 ಎಂದೆ. ಅಡುಗೆಮನೆ ಮುಗಿಲು ಮುಟ್ಟಿತು, ಇತರೆ ನೆಲಕ್ಕಂಟಿ ಮಲಗಿತು.

“ನೋಡು, ಅಡಗಿ ಮನೀದು ಹೆಂಗ ಏರೇತಿ!” ಎಂದೆ.

ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲೇ ಇಡುವ ಹೆಂಡತಿ ಬೆಳ್ಳುಳ್ಳಿ ಸುಲಿಯುತ್ತಲೇ ಕತ್ತೆತ್ತಿದಳು. “ಎಡಕ್ಕ ಎಂಟು ಸಾವಿರ, ಬಲಕ್ಕ ಲಕ್ಷ ಯಾಕ ಬರದೀರಿ? ಕೊಳ್ಳಾಕ ಒಂದು ಮಾಪು, ಮಾರಾಕ ಒಂದು ಮಾಪು ಇಟ್ಟಂಗ ಆತಲ್ರೀ.”

“ಅದು ಟೆಕ್ನಿಕಲ್ ವಿಷಯ” ಎಂದೆ. ದಲಾಲಿ ಅಂಗಡಿಯವನಿಗೆ ಮಾಪಿನ ಪಾಠ ಹೇಳಿದರೆ ಇನ್ನೇನು ಹೇಳಲಿ?

ಟೆಕ್ನಿಕಲ್ ಎಂಬ ಶಬ್ದ ಕಿವಿಗೆ ಬಿದ್ದರೆ ಮಗಳು ಎಲ್ಲಿದ್ದರೂ ಓಡಿ ಬರುತ್ತಾಳೆ. ಮೌಸ್ ಕಸಿದುಕೊಂಡು, ಚಾರ್ಟನ್ನು ಮತ್ತೆ ಬರೀ ಕಂಬಗಳಿಗೆ ತಿರುಗಿಸಿ, ಅಡ್ಡ ಅಕ್ಷದಲ್ಲಿ ವರ್ಗ, ಅದರ ಕೆಳಗೆ ಉಪವರ್ಗ ಇಟ್ಟಳು. ಎರಡು ವರ್ಗಗಳನ್ನು ಒಟ್ಟಿಗೆ ತೋರಿಸುವ ಇನ್ನೊಂದು ದಾರಿ ಇದು. ಪಾಠದಲ್ಲಿ ಓದಿದ್ದೆ, ಮನೆಯಲ್ಲಿ ಬಳಸಬಾರದೆಂದೂ ತೀರ್ಮಾನಿಸಿದ್ದೆ. ಕವಲು ಬಾಣದ ಗುಂಡಿ ಒತ್ತಿದಳು. ‘ಇತರೆ’ ಬಾಗಿಲು ತೆರೆಯಿತು. ಕಾರಕೂನನ ಶಿಸ್ತಿನಲ್ಲಿ ನಾನೇ ತುಂಬಿಟ್ಟಿದ್ದ ಸಾಲುಗಳು ಒಂದೊಂದೇ ಹೊರಬಂದವು: ಪೆಟ್ರೋಲು, ಮಿರ್ಚಿ-ಭಜಿ, ಗಣೇಶಗುಡಿ ರಾಫ್ಟಿಂಗ್, ಧಾರವಾಡ ಫೇಡೆ.

“ಜೋಯಿಡಾಕ್ಕ ಆಡಿಟ್‌ಗೆ ಹೊಂಟೇನಿ ಅಂದಿದ್ರಿ. ಕಾಳಿ ನದ್ಯಾಗ ಆಡಿಟ್ ಮಾಡ್ತಾರೇನ್ರೀ?”

ಬಲಗಡೆಯ ಅಕ್ಷವನ್ನು ಹತ್ತು ಲಕ್ಷಕ್ಕೆ ಏರಿಸಿದ್ದರೂ ಈ ಪ್ರಶ್ನೆ ಚಿಕ್ಕದಾಗುತ್ತಿರಲಿಲ್ಲ. ಅಷ್ಟರಲ್ಲಿ ಅವ್ವ ಕನ್ನಡಕ ಏರಿಸಿಕೊಂಡು ಟೀವಿಯ ಹತ್ತಿರಕ್ಕೇ ಬಂದಳು. ರಾಫ್ಟಿಂಗ್ ಏನೆಂದು ಅವಳಿಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಯ ಕಂಬದ ಮೇಲೆ ಬೆರಳಿಟ್ಟು ಕೇಳಿದಳು:

“ಇಷ್ಟು ಎತ್ತರ ಫೇಡೆ ತಿಂದಾಂವ ಯಾರೋ? ನನ್ನ ಕೈಗೆ ಒಂದೂ ಬಂದಿಲ್ಲ.”